ಕಾಂಕ್ರೀಟು ಸುರಿಯುವ ಮುನ್ನ: ಗುಣಮಟ್ಟ ನಿರ್ವಹಣೆಯ ಕುರಿತು ಓದುಗರ ಪ್ರಶ್ನೆಗಳು

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹಲವು ಒಂದೇ ವಿಷಯವನ್ನು ಬೇರೆ ಬೇರೆ ಕಡೆಯಿಂದ ಕೇಳಿದ್ದವು. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಉತ್ತರಿಸುವ ಮೊದಲು ಒಂದು ಮಾತು. ಕನ್ನಡದಲ್ಲಿ ಪ್ಲಾನಿಗೂ ಪ್ರಾಜೆಕ್ಟಿಗೂ ನಾವು ‘ಯೋಜನೆ’ ಎಂದೇ ಹೇಳುತ್ತೇವೆ. ಗುಣಮಟ್ಟದ ವಿಷಯದಲ್ಲಿ ಇವೆರಡೂ ಪದೇ ಪದೇ ಎದುರಾಗುವುದರಿಂದ ಇಲ್ಲಿ ‘ಯೋಜನೆ’ ಎಂಬುದನ್ನು ಪ್ಲಾನ್ ಎಂಬ ಅರ್ಥದಲ್ಲಿ ಮಾತ್ರ ಬಳಸಿ, ಉಳಿದ ಕಡೆ ಪ್ರಾಜೆಕ್ಟ್ ಅಥವಾ ಕಾಮಗಾರಿ ಎಂದು ಬರೆದಿದ್ದೇನೆ.

ಪ್ರಶ್ನೆ: ನಾನು ಸಿವಿಲ್ ಡಿಪ್ಲೊಮಾ ಮುಗಿಸಿ ಆರು ವರ್ಷ ಸೈಟ್ ಎಂಜಿನಿಯರ್ ಆಗಿ ದುಡಿದಿದ್ದೇನೆ. ಈಗ ಮೂರು ಅಂತಸ್ತಿನ ವಿದ್ಯಾರ್ಥಿನಿಲಯವೊಂದರ ಕಾಮಗಾರಿಗೆ ಗುಣಮಟ್ಟ ಯೋಜನೆಯನ್ನು ಬರೆಯುವಂತೆ ನನಗೆ ಹೇಳಿದ್ದಾರೆ. ಓದಲು ಕುಳಿತರೆ ಪಿಡಿಸಿಎ, ಕೈಜೆನ್, ಸಿಕ್ಸ್ ಸಿಗ್ಮಾ ಎಂದು ಹೆಸರುಗಳೇ ತುಂಬಿವೆ, ಉದಾಹರಣೆಗಳೆಲ್ಲ ಕಾರ್ಖಾನೆಯವು. ಕ್ವಾಲಿಟಿ ಅಶ್ಯೂರೆನ್ಸ್ ಮತ್ತು ಕ್ವಾಲಿಟಿ ಕಂಟ್ರೋಲ್ ನಡುವಿನ ವ್ಯತ್ಯಾಸವೂ ತಿಳಿಯಲಿಲ್ಲ. ಎಲ್ಲಿಂದ ಕಲಿಯಲು ಆರಂಭಿಸಲಿ? (ಓದುಗರು, ದಾವಣಗೆರೆ)

ಉತ್ತರ: ನಿಮ್ಮ ಗೊಂದಲ ಸಹಜವಾದದ್ದು, ಏಕೆಂದರೆ ಈ ವಿಧಾನಗಳಲ್ಲಿ ಬಹುತೇಕ ಎಲ್ಲವೂ ಹುಟ್ಟಿದ್ದು ಕಾರ್ಖಾನೆಯಲ್ಲಿಯೇ. 1924ರ ಮೇ ತಿಂಗಳಲ್ಲಿ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ವಾಲ್ಟರ್ ಶೂಹಾರ್ಟ್ ತಮ್ಮ ಮೇಲಧಿಕಾರಿಗೆ ಬರೆದ ಚಿಕ್ಕದೊಂದು ಟಿಪ್ಪಣಿಯಲ್ಲಿ ನಿಯಂತ್ರಣ ನಕ್ಷೆಯ, ಅಂದರೆ ಕಂಟ್ರೋಲ್ ಚಾರ್ಟಿನ, ಮೊದಲ ರೂಪವನ್ನು ಬರೆದು ತೋರಿಸಿದರು. ದೂರವಾಣಿ ಉಪಕರಣಗಳನ್ನು ಸಾವಿರಗಟ್ಟಲೆ ತಯಾರಿಸುವಾಗ ಸಹಜವಾಗಿ ಆಗುವ ಏರಿಳಿತ ಯಾವುದು, ಏನೋ ಕೆಟ್ಟಿರುವುದರಿಂದ ಆಗುವ ಏರಿಳಿತ ಯಾವುದು ಎಂದು ಬೇರ್ಪಡಿಸುವುದು ಅವರ ಉದ್ದೇಶವಾಗಿತ್ತು. ಅಲ್ಲಿಂದ ಈ ವಿಚಾರವನ್ನು ಅಮೆರಿಕದ ಗುಣಮಟ್ಟ ತಜ್ಞರಾದ ಡೆಮಿಂಗ್ 1950ರಲ್ಲಿ, ಜುರಾನ್ 1954ರಲ್ಲಿ ಜಪಾನಿಗೆ ಕೊಂಡೊಯ್ದು ಕಲಿಸಿದರು. ನಮ್ಮ ದೇಶಕ್ಕೆ ಅದು ಇನ್ನೂ ಮೊದಲೇ ಬಂದಿತ್ತು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಸಂಖ್ಯಾಶಾಸ್ತ್ರಜ್ಞ ಮಹಾಲನೋಬಿಸ್ ಅವರ ಆಹ್ವಾನದ ಮೇರೆಗೆ ಶೂಹಾರ್ಟ್ ಅವರೇ 1947-48ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಕಾರ್ಖಾನೆಗಳನ್ನು ನೋಡಿ ಉಪನ್ಯಾಸಗಳನ್ನು ನೀಡಿದ್ದರು.

ಆದರೆ ಕಾರ್ಖಾನೆಯಲ್ಲಿ ಇಂದಿನ ತಪ್ಪನ್ನು ನಾಳಿನ ವಸ್ತುವಿನಲ್ಲಿ ತಿದ್ದಿಕೊಳ್ಳಬಹುದು. ನಿಮ್ಮ ವಿದ್ಯಾರ್ಥಿನಿಲಯ ಒಂದೇ ಒಂದು ಸಲ ಕಟ್ಟಲ್ಪಡುತ್ತದೆ, ಅದರ ಮೊದಲನೆಯ ಮಹಡಿಯ ಸ್ಲ್ಯಾಬಿಗೆ ಎರಡನೆಯ ಪ್ರಯತ್ನವೆಂಬುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಮಗಾರಿಯಲ್ಲಿ ಒಂದು ಕೆಲಸ ಇನ್ನೊಂದನ್ನು ಮುಚ್ಚುತ್ತ ಹೋಗುತ್ತದೆ. ಪಾಯದ ಗುಂಡಿಯನ್ನು ಕಾಂಕ್ರೀಟು ಮುಚ್ಚುತ್ತದೆ, ಕಬ್ಬಿಣವನ್ನು ಕಾಂಕ್ರೀಟು ಮುಚ್ಚುತ್ತದೆ, ಗೋಡೆಯೊಳಗಿನ ಪೈಪನ್ನು ಗಾರೆ ಮುಚ್ಚುತ್ತದೆ, ಗಾರೆಯನ್ನು ಬಣ್ಣ ಮುಚ್ಚುತ್ತದೆ. ಆದ್ದರಿಂದ ಯಾವುದು ಯಾವಾಗ ಮುಚ್ಚಿಹೋಗುತ್ತದೆ, ಅದಕ್ಕೆ ಮೊದಲು ಅದನ್ನು ಯಾರು ನೋಡಿರಬೇಕು ಎಂಬ ಪ್ರಶ್ನೆಯಿಂದ ನಿಮ್ಮ ಗುಣಮಟ್ಟ ಯೋಜನೆ ಆರಂಭವಾಗಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡ ಕಾಮಗಾರಿಗಳಲ್ಲಿ ಇದನ್ನೇ ಹೋಲ್ಡ್ ಪಾಯಿಂಟ್ ಎನ್ನುತ್ತಾರೆ. ಅಲ್ಲಿ ಪರಿಶೀಲಿಸಬೇಕಾದವರು ನೋಡಿ ಸಹಿ ಮಾಡುವ ತನಕ ಮುಂದಿನ ಕೆಲಸ ನಿಲ್ಲಬೇಕು.

ಅಶ್ಯೂರೆನ್ಸ್ ಮತ್ತು ಕಂಟ್ರೋಲ್ ನಡುವಿನ ವ್ಯತ್ಯಾಸಕ್ಕೆ ಮದುವೆಮನೆಯ ಅಡುಗೆಯನ್ನು ನೆನೆಯಿರಿ, ಅದೂ ಒಂದೇ ದಿನದ ಪ್ರಾಜೆಕ್ಟೇ. ಹುಳಿ ಕುದಿದ ಮೇಲೆ ಒಂದು ಸೌಟು ತೆಗೆದು ಉಪ್ಪು ನೋಡುವುದು ಕಂಟ್ರೋಲ್. ಎಷ್ಟು ಜನಕ್ಕೆ ಎಷ್ಟು ಬೇಳೆ, ಯಾವ ಅಂಗಡಿಯ ಹುಳಿಪುಡಿ, ಉಪ್ಪು ಹಾಕುವವರು ಒಬ್ಬರೇ ಆಗಿರಬೇಕು ಎಂದು ಅಡುಗೆಯವರು ಮೊದಲೇ ಗೊತ್ತುಮಾಡಿಕೊಂಡು ಅದರಂತೆ ನಡೆಯುತ್ತಿದೆಯೇ ಎಂದು ಗಮನಿಸುವುದು ಅಶ್ಯೂರೆನ್ಸ್. ಒಂದು ಮಾಡಿದ ವಸ್ತುವನ್ನು ನೋಡುತ್ತದೆ, ಇನ್ನೊಂದು ಮಾಡುವ ರೀತಿಯನ್ನು ನೋಡುತ್ತದೆ. ಎಂಟುನೂರು ಜನರ ಹುಳಿಗೆ ಉಪ್ಪು ಹೆಚ್ಚಾಗಿದೆ ಎಂದು ಕೊನೆಯಲ್ಲಿ ತಿಳಿದರೆ ಆ ತಿಳಿವಳಿಕೆಯಿಂದ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಒಂದು ಕಟ್ಟಡದ ಕಿಟಕಿಗಳ ಮೇಲಿನ ಸಜ್ಜಾಗಳ ಕಾಂಕ್ರೀಟು ನನ್ನ ಉಸ್ತುವಾರಿಯಲ್ಲಿ ನಡೆಯಿತು. ಗೋಡೆಯಿಂದ ಹೊರಚಾಚುವ ಸಜ್ಜಾಕ್ಕೆ ಮುಖ್ಯ ಕಬ್ಬಿಣ ಮೇಲ್ಭಾಗದಲ್ಲಿರಬೇಕು ಎಂಬುದು ನಿಮಗೆ ಗೊತ್ತೇ ಇದೆ. ಬೆಳಿಗ್ಗೆ ನಾನು ನೋಡಿದಾಗ ಅದು ಮೇಲ್ಭಾಗದಲ್ಲಿಯೇ ಇತ್ತು. ಕಾಂಕ್ರೀಟು ಬರುವುದು ಮಧ್ಯಾಹ್ನವಾಯಿತು. ಅಷ್ಟರಲ್ಲಿ ಬಾಣಲಿ ಹೊತ್ತವರು ಅದರ ಮೇಲೆ ಓಡಾಡಿ ಕಬ್ಬಿಣವನ್ನು ತುಳಿದು ತಳಕ್ಕೆ ಇಳಿಸಿದ್ದರು. ನಾನು ಮತ್ತೆ ನೋಡಲಿಲ್ಲ, ಕಾಂಕ್ರೀಟಿಗೆ ಮೊದಲು ಎಲ್ಲವನ್ನೂ ನೋಡಿ ಸಹಿ ಮಾಡಬೇಕಾದ ಪೋರ್ ಕಾರ್ಡಿಗೆ ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಸಹಿ ಹಾಕಿದೆ. ಸೆಂಟ್ರಿಂಗ್ ಬಿಚ್ಚಿದ ದಿನ ಒಂದು ಸಜ್ಜಾ ಗೋಡೆಯ ಅಂಚಿನಲ್ಲಿ ಬಿರುಕು ಬಿಟ್ಟು ಬಾಗಿತು. ಕೆಳಗೆ ಯಾರೂ ಇರಲಿಲ್ಲವೆಂಬುದು ನನ್ನ ಪುಣ್ಯ. ಫೈಲಿನಲ್ಲಿ ಎಲ್ಲ ಕಾಗದಗಳೂ ಸರಿಯಾಗಿದ್ದವು, ಕಾರ್ಡಿನಲ್ಲಿ ‘ಕಬ್ಬಿಣ ಪರಿಶೀಲಿಸಲಾಗಿದೆ’ ಎಂಬುದರ ಮುಂದೆ ನನ್ನದೇ ಸಹಿಯಿತ್ತು. ಪರಿಶೀಲನೆ ನಡೆದಿತ್ತು, ಆದರೆ ಮುಚ್ಚಿಹೋಗುವ ಗಳಿಗೆಗೆ ಸರಿಯಾಗಿ ನಡೆದಿರಲಿಲ್ಲ.

ಹಾಗಾಗಿ ನಿಮ್ಮ ಯೋಜನೆಯ ಪ್ರತಿಯೊಂದು ಸಾಲಿನಲ್ಲಿಯೂ ಏನನ್ನು ನೋಡಬೇಕು ಮತ್ತು ಎಷ್ಟಿರಬೇಕು ಎಂಬುದರ ಜೊತೆಗೆ ಯಾವಾಗ ನೋಡಬೇಕು ಎಂಬುದನ್ನು ಗಡಿಯಾರದ ಸಮಯಕ್ಕಲ್ಲ, ಮುಂದಿನ ಕೆಲಸಕ್ಕೆ ಕಟ್ಟಿ ಬರೆಯಿರಿ. ‘ಸ್ಲ್ಯಾಬಿನ ಕವರ್ (ಕಬ್ಬಿಣದ ಹೊರಗಿನ ಕಾಂಕ್ರೀಟಿನ ದಪ್ಪ) 20 ಮಿಲಿಮೀಟರ್, ಕವರ್ ಬ್ಲಾಕ್‌ಗಳು ಮುರಿಯದೆ ಇವೆಯೇ ಎಂದು ಮೊದಲ ಲಾರಿ ಇಳಿಸುವ ಮುನ್ನ ಸೈಟ್ ಎಂಜಿನಿಯರ್ ನೋಡುವುದು, ಕಾಂಕ್ರೀಟು ನಡೆಯುವಷ್ಟು ಹೊತ್ತು ಬಾರ್ ಬೆಂಡರ್ ಒಬ್ಬರು ಸ್ಥಳದಲ್ಲಿಯೇ ಇದ್ದು ತುಳಿದ ಕಬ್ಬಿಣವನ್ನು ಎತ್ತಿ ಕಟ್ಟುವುದು’ ಎಂಬಂತಹ ಒಂದು ಸಾಲು ‘ಅತ್ಯುತ್ತಮ ಗುಣಮಟ್ಟವನ್ನು ಕಾಯ್ದುಕೊಳ್ಳಲಾಗುವುದು’ ಎಂಬ ಇಡೀ ಪುಟಕ್ಕಿಂತ ಹೆಚ್ಚು ಬೆಲೆಯುಳ್ಳದ್ದು. ಮುಚ್ಚಿಹೋಗದ ಕೆಲಸಗಳಿಗೆ ಇಷ್ಟು ಬಿಗಿ ಬೇಡ. ಬಣ್ಣದಲ್ಲಿ ಲೋಪವಿದ್ದರೆ ಇನ್ನೊಮ್ಮೆ ಬಳಿಯಬಹುದು.

ಹಾಗಾದರೆ ಕಾರ್ಖಾನೆಯ ವಿಧಾನಗಳು ನಿಮಗೆ ಪ್ರಯೋಜನವಿಲ್ಲವೇ ಎಂದರೆ, ಇದೆ. ಕಟ್ಟಡ ಒಂದೇ ಆದರೂ ಅದರೊಳಗೆ ಮತ್ತೆ ಮತ್ತೆ ನಡೆಯುವ ಕೆಲಸಗಳಿವೆ, ಅವುಗಳಲ್ಲಿ ಕ್ಯೂಬ್ ಪರೀಕ್ಷೆ, ಅಂದರೆ ಕಾಂಕ್ರೀಟಿನ ಘನಾಕೃತಿಯ ಮಾದರಿಗಳನ್ನು ಯಂತ್ರದಲ್ಲಿ ಒತ್ತಿ ಬಲ ಅಳೆಯುವುದು, ಮುಖ್ಯವಾದದ್ದು. ನೀವು ಎಂ25 ಕಾಂಕ್ರೀಟನ್ನು, ಅಂದರೆ 28 ದಿನಕ್ಕೆ ಪ್ರತಿ ಚದರ ಮಿಲಿಮೀಟರಿಗೆ 25 ನ್ಯೂಟನ್ ಒತ್ತಡ ತಾಳಬೇಕಾದ ಕಾಂಕ್ರೀಟನ್ನು, ಬಳಸುತ್ತಿದ್ದೀರಿ ಎಂದುಕೊಳ್ಳಿ. ಅದರ ಮಿಶ್ರಣವನ್ನು ವಿನ್ಯಾಸ ಮಾಡುವಾಗ ಗುರಿ 25 ಇರುವುದಿಲ್ಲ. ಕಾಂಕ್ರೀಟಿನ ಭಾರತೀಯ ಸಂಹಿತೆಯಾದ ಐಎಸ್ 456ರ ಪ್ರಕಾರ ಮೊದಲಿಗೆ ಊಹಿಸಿಕೊಳ್ಳುವ ವಿಚಲನೆ (ಫಲಿತಾಂಶಗಳು ಸರಾಸರಿಯಿಂದ ಚದುರುವ ಅಳತೆ) 4, ಅದರ 1.65 ಪಟ್ಟು ಸೇರಿಸಿದರೆ ಗುರಿ 31.6 ನ್ಯೂಟನ್ ಆಗುತ್ತದೆ. ನೂರು ಫಲಿತಾಂಶಗಳಲ್ಲಿ ಐದಕ್ಕಿಂತ ಹೆಚ್ಚು 25ರ ಕೆಳಗೆ ಹೋಗಬಾರದು ಎಂಬ ಲೆಕ್ಕಾಚಾರ ಅದರ ಹಿಂದಿದೆ. ಶೂಹಾರ್ಟ್ ಅವರ ಏರಿಳಿತದ ವಿಚಾರ ನಮ್ಮ ಸಂಹಿತೆಯೊಳಗೆ ಹೀಗೆ ಸದ್ದಿಲ್ಲದೆ ಕುಳಿತಿದೆ. ಈಗ ನಿಮ್ಮ 28ನೆಯ ದಿನದ ಫಲಿತಾಂಶಗಳು ಸಾಲಾಗಿ 34, 33.5, 33, 32, 31, 30, 29 ಎಂದು ಬಂದಿವೆ ಎನ್ನೋಣ. ರಿಜಿಸ್ಟರಿನಲ್ಲಿ ಏಳಕ್ಕೂ ‘ಪಾಸ್’ ಎಂದೇ ಬರೆದಿರುತ್ತಾರೆ. ಅದನ್ನೇ ಗ್ರಾಫ್ ಹಾಳೆಯ ಮೇಲೆ ಚುಕ್ಕಿಗಳಾಗಿ ಇಟ್ಟು ನೋಡಿದರೆ ಏಳು ಚುಕ್ಕಿಗಳು ಒಂದೇ ಸಮನೆ ಇಳಿಯುತ್ತಿರುವುದು ಕಣ್ಣಿಗೆ ರಾಚುತ್ತದೆ. ಮಳೆಗಾಲ ಆರಂಭವಾಗಿ ಎಂ-ಸ್ಯಾಂಡಿನ ತೇವ ಹೆಚ್ಚಾಗಿ, ಅದಕ್ಕೆ ತಕ್ಕಂತೆ ನೀರನ್ನು ಕಡಿಮೆ ಮಾಡದಿದ್ದರೂ ಹೀಗಾಗಬಹುದು. ಮೊದಲ ‘ಫೇಲ್’ ಬರುವ ಮೊದಲೇ ಹೋಗಿ ನೋಡಲು ಈ ನಕ್ಷೆ ನಿಮಗೆ ಅವಕಾಶ ನೀಡುತ್ತದೆ, ಅದಕ್ಕೆ ತಗಲುವುದು ಒಂದು ಹಾಳೆ ಮತ್ತು ಪೆನ್ಸಿಲ್.

ಓದಲು ಐಎಸ್ 456ರ ಸ್ವೀಕಾರ ನಿಯಮಗಳ ಭಾಗದಿಂದಲೇ ಆರಂಭಿಸಿ. ಭಾರತೀಯ ಮಾನಕಗಳನ್ನು ಮಾನಕ ಬ್ಯೂರೋದ ಜಾಲತಾಣದಿಂದ ಪಡೆಯಬಹುದು. ಪ್ರಾಜೆಕ್ಟುಗಳ ಗುಣಮಟ್ಟಕ್ಕೆಂದೇ ಐಎಸ್‌ಒ 10006 ಎಂಬ ಮಾರ್ಗಸೂಚಿಯಿದೆ. ಐಎಸ್‌ಒ 9001ರಂತೆ ಅದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ, ಮಾರ್ಗದರ್ಶನ ಮಾತ್ರ. ಎನ್‌ಪಿಟೆಲ್‌ನಲ್ಲಿ (ಐಐಟಿಗಳ ಆನ್‌ಲೈನ್ ಪಾಠಗಳ ತಾಣ) ಗುಣಮಟ್ಟ ನಿರ್ವಹಣೆಯ ಪಾಠಗಳನ್ನು ಉಚಿತವಾಗಿ ಕೇಳಬಹುದು, ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ ಕಟ್ಟಬೇಕು. ಸಂಖ್ಯಾಶಾಸ್ತ್ರದಲ್ಲಿ ಆಸಕ್ತಿ ಹುಟ್ಟಿದರೆ ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಭಾರತೀಯ ಸಾಂಖ್ಯಿಕ ಸಂಸ್ಥೆಯ ಗುಣಮಟ್ಟ ವಿಭಾಗವು ಉದ್ಯೋಗದಲ್ಲಿರುವವರಿಗಾಗಿ ನಡೆಸುವ ತರಬೇತಿಗಳನ್ನು ವಿಚಾರಿಸಿ.

ಪ್ರಶ್ನೆ: ನಮ್ಮ ಎಂ25 ಸ್ಲ್ಯಾಬಿನ ಮೂರು ಕ್ಯೂಬ್‌ಗಳು 28ನೆಯ ದಿನ 26, 24 ಮತ್ತು 19 ನ್ಯೂಟನ್ ಬಂದಿವೆ. ಸರಾಸರಿ 23. ಮೇಲಿನ ಅಂತಸ್ತಿನ ಸೆಂಟ್ರಿಂಗ್ ಆಗಲೇ ಆಗಿದೆ. ಒಡೆಯಬೇಕೇ? (ಓದುಗರು, ಹಾಸನ)

ಉತ್ತರ: ಒಡೆಯುವ ಮಾತು ಇನ್ನೂ ಬಹಳ ದೂರವಿದೆ. ಮೊದಲು ಆ ಸರಾಸರಿಯನ್ನು ಪಕ್ಕಕ್ಕಿಡಿ. ಮೂರು ಕ್ಯೂಬ್‌ಗಳಲ್ಲಿ ಯಾವುದೂ ಸರಾಸರಿಯಿಂದ ಶೇ 15ಕ್ಕಿಂತ ಹೆಚ್ಚು ಆಚೀಚೆ ಇರಬಾರದು ಎಂದು ಸಂಹಿತೆ ಹೇಳುತ್ತದೆ. 23ರ ಶೇ 15 ಕಳೆದರೆ 19.55 ಆಗುತ್ತದೆ, ನಿಮ್ಮ ಮೂರನೆಯ ಕ್ಯೂಬ್ ಅದಕ್ಕಿಂತ ಕೆಳಗಿದೆ. ಅಂದರೆ ಆ ಮಾದರಿಯೇ ಅಸಿಂಧು. ಕ್ಯೂಬಿನ ಅಂಚು ಮುಕ್ಕಾಗಿತ್ತೇ, ಯಂತ್ರದಲ್ಲಿ ನಟ್ಟನಡುವೆ ಇಟ್ಟಿದ್ದರೇ, ಅಚ್ಚಿನಲ್ಲಿ ಸರಿಯಾಗಿ ದಮ್ಮಸು ಮಾಡಿದ್ದರೇ, ನೀರಿನ ತೊಟ್ಟಿಯಲ್ಲಿ ಅಷ್ಟೂ ದಿನ ಮುಳುಗಿತ್ತೇ ಎಂದು ವಿಚಾರಿಸಿ. ಅದೇ ದಿನದ ಬೇರೆ ಮಾದರಿಗಳಿದ್ದರೆ ಅವುಗಳ ಫಲಿತಾಂಶವನ್ನು ನೋಡಿ. ಅನುಮಾನ ಉಳಿದರೆ ಮೇಲ್ಮೈಯ ಗಡಸುತನ ನೋಡುವ ರಿಬೌಂಡ್ ಹ್ಯಾಮರಿನಿಂದ ದುರ್ಬಲವೆನಿಸುವ ಜಾಗಗಳನ್ನು ಗುರುತಿಸಿ, ವಿನ್ಯಾಸಕಾರರು ಒಪ್ಪಿದ ಕಡೆಗಳಲ್ಲಿ ಸ್ಲ್ಯಾಬನ್ನೇ ಕೊರೆದು ತೆಗೆಯುವ ಸಿಲಿಂಡರ್ ಮಾದರಿಗಳಾದ ಕನಿಷ್ಠ ಮೂರು ಕೋರ್‌ಗಳನ್ನು ತೆಗೆಸಿ. ಅವುಗಳ ಕ್ಯೂಬ್ ಸಮಾನ ಬಲದ ಸರಾಸರಿ 25ರ ಶೇ 85ರಷ್ಟು, ಅಂದರೆ 21.25 ಇದ್ದು, ಯಾವುದೊಂದೂ ಶೇ 75ಕ್ಕಿಂತ, ಅಂದರೆ 18.75ಕ್ಕಿಂತ, ಕಡಿಮೆ ಇಲ್ಲದಿದ್ದರೆ ಕಾಂಕ್ರೀಟನ್ನು ಒಪ್ಪಬಹುದು. ಈ ತೀರ್ಮಾನವಾಗುವವರೆಗೆ ಮೇಲಿನ ಸ್ಲ್ಯಾಬನ್ನು ಹಾಕಬೇಡಿ, ಕೆಳಗಿನ ಆಸರೆಗಳನ್ನು ತೆಗೆಯಬೇಡಿ.

ಸಿಮೆಂಟನ್ನು ಧಾರಾಳವಾಗಿ ಸೇರಿಸಿ ‘ಪರೀಕ್ಷೆಗೆಂದೇ’ ಬೇರೆ ಕ್ಯೂಬ್‌ಗಳನ್ನು ಮಾಡಿಟ್ಟುಕೊಳ್ಳುವ ಚಾಳಿ ಕೆಲವು ಸೈಟುಗಳಲ್ಲಿದೆ. ನಿಮ್ಮ ಕ್ಯೂಬ್ 19 ಎಂದು ಹೇಳುತ್ತಿದೆಯೆಂದರೆ ಅಷ್ಟರಮಟ್ಟಿಗೆ ನಿಮ್ಮಲ್ಲಿ ಆ ಚಾಳಿಯಿಲ್ಲವೆಂದಾಯಿತು.

ಕೋರ್ ಪಾಸಾದರೂ ಕಾರಣ ಹುಡುಕುವುದನ್ನು ಬಿಡಬೇಡಿ. ಟೊಯೋಟಾದ ತೈಚಿ ಓನೋ ಅವರಿಂದ ಪ್ರಸಿದ್ಧಿಗೆ ಬಂದ ‘ಐದು ಸಲ ಏಕೆ’ ಎಂಬ ವಿಧಾನ ಇಲ್ಲಿಗೆ ಹೇಳಿ ಮಾಡಿಸಿದಂತಿದೆ. ನಾನು ಕಂಡ ಸೈಟೊಂದರಲ್ಲಿ ಅದು ಹೀಗೆ ಸಾಗಿತ್ತು. ಬಲ ಏಕೆ ಕಡಿಮೆಯಾಯಿತು? ಸೈಟಿನಲ್ಲಿ ನೀರು ಸೇರಿಸಿದ್ದರು. ಏಕೆ ಸೇರಿಸಿದರು? ಆರ್‌ಎಂಸಿ (ಘಟಕದಲ್ಲಿ ಬೆರೆಸಿ ತರುವ ಕಾಂಕ್ರೀಟು) ಲಾರಿಯಲ್ಲಿ ಮಿಶ್ರಣ ಬಿಗಿಯಾಗಿತ್ತು. ಏಕೆ? ಲಾರಿ ಬಂದು ಎರಡು ಗಂಟೆ ಬಿಸಿಲಿನಲ್ಲಿ ನಿಂತಿತ್ತು. ಏಕೆ ನಿಂತಿತು? ಕಬ್ಬಿಣದ ಪರಿಶೀಲನೆ ಮುಗಿದಿರಲಿಲ್ಲ. ಏಕೆ ಮುಗಿದಿರಲಿಲ್ಲ? ಪರಿಶೀಲಿಸುವ ಕನ್ಸಲ್ಟೆಂಟರಿಗೆ ಫೋನ್ ಮಾಡಿದ್ದೇ ಅಂದು ಬೆಳಿಗ್ಗೆ. ಲಾರಿ ಚಾಲಕನನ್ನು ಬೈದು ಮುಗಿಸಿದ್ದರೆ ಮುಂದಿನ ಸ್ಲ್ಯಾಬಿಗೂ ಅದೇ ಆಗುತ್ತಿತ್ತು. ಪರಿಶೀಲನೆ ಮುಗಿದು ಸಹಿ ಬೀಳದೆ ಆರ್‌ಎಂಸಿ ಘಟಕಕ್ಕೆ ಆರ್ಡರ್ ಕೊಡಬಾರದು ಎಂಬ ಒಂದು ಸಾಲನ್ನು ಅಲ್ಲಿ ಸೇರಿಸಿದರು. ಕಾಂಕ್ರೀಟಿನ ದೋಷಕ್ಕೆ ಮದ್ದು ವೇಳಾಪಟ್ಟಿಯಲ್ಲಿತ್ತು.

ಪ್ರಶ್ನೆ: ನಮ್ಮದು ಹನ್ನೊಂದು ಜನರ ತಂತ್ರಾಂಶ ತಂಡ. ಹೊಸ ಮ್ಯಾನೇಜರ್ ಅವರು ಪ್ರತಿಯೊಂದು ಬಿಡುಗಡೆಯೂ ಸಿಕ್ಸ್ ಸಿಗ್ಮಾ ಮಟ್ಟದಲ್ಲಿರಬೇಕು ಎನ್ನುತ್ತಿದ್ದಾರೆ. ಇದು ಸಾಧ್ಯವೇ? (ಓದುಗರು, ಬೆಂಗಳೂರು)

ಉತ್ತರ: 1986ರಲ್ಲಿ ಮೊಟೊರೊಲಾ ಕಂಪನಿಯ ಬಿಲ್ ಸ್ಮಿತ್ ರೂಪಿಸಿದ ಈ ವಿಧಾನದ ಪ್ರಸಿದ್ಧ ಅಂಕಿ, ಹತ್ತು ಲಕ್ಷ ಅವಕಾಶಗಳಿಗೆ 3.4 ದೋಷ. ನೀವು ಒಂದು ಬಿಡುಗಡೆಗೆ ಐನೂರು ಟೆಸ್ಟ್ ಕೇಸುಗಳನ್ನು ಓಡಿಸುತ್ತೀರಿ ಎಂದಿಟ್ಟುಕೊಂಡರೆ, ಒಂದೇ ಒಂದು ಫೇಲಾದರೂ ಅದು ಹತ್ತು ಲಕ್ಷಕ್ಕೆ ಎರಡು ಸಾವಿರವಾಗುತ್ತದೆ. ಇಷ್ಟು ಚಿಕ್ಕ ಎಣಿಕೆಯಲ್ಲಿ ಆ ಅಂಕಿಗೆ ಅರ್ಥವಿಲ್ಲ ಎಂದು ನಿಮ್ಮ ಮ್ಯಾನೇಜರ್ ಅವರಿಗೆ ವಿನಯದಿಂದ ಹೇಳಬಹುದು. ಬೆಂಗಳೂರಿನ ಮೊಟೊರೊಲಾ ತಂತ್ರಾಂಶ ಘಟಕವೇ 1990ರ ದಶಕದಲ್ಲಿ ಸಿಎಂಎಂ ಎಂಬ ಮಾದರಿಯ ಐದನೆಯ, ಅಂದರೆ ಅತ್ಯುನ್ನತ, ಹಂತವನ್ನು ಜಗತ್ತಿನಲ್ಲಿ ಮೊದಮೊದಲು ತಲುಪಿದ ಸಂಸ್ಥೆಗಳಲ್ಲಿ ಒಂದಾಗಿತ್ತು. ಆ ಮಾದರಿಯೂ ಅಳೆಯುವುದು ಕೆಲಸ ಮಾಡುವ ರೀತಿ ಎಷ್ಟು ಪಕ್ವವಾಗಿದೆ ಎಂಬುದನ್ನು, ಒಂದು ಬಿಡುಗಡೆಯ ದೋಷಗಳ ಎಣಿಕೆಯನ್ನಲ್ಲ.

ನಿಮ್ಮ ತಂಡಕ್ಕೆ ಜುರಾನ್ ಅವರು ಬಳಕೆಗೆ ತಂದ ಪರೆಟೊ ವಿಂಗಡಣೆ ಸಾಕು. ಕಳೆದ ಆರು ತಿಂಗಳ ಬಗ್‌ಗಳನ್ನು ಅವು ಸಿಕ್ಕ ಜಾಗದ ಪ್ರಕಾರವಲ್ಲ, ಹುಟ್ಟಿದ ಜಾಗದ ಪ್ರಕಾರ ಗುಂಪು ಮಾಡಿ, ಹೆಚ್ಚಿನದರಿಂದ ಕಡಿಮೆಗೆ ಜೋಡಿಸಿ. ಗ್ರಾಹಕರ ಬೇಡಿಕೆಯನ್ನು ತಪ್ಪಾಗಿ ಅರ್ಥಮಾಡಿಕೊಂಡದ್ದು ಅಥವಾ ಎರಡು ತಂಡಗಳ ಕೋಡ್ ಸೇರುವಲ್ಲಿ ಆದ ಎಡವಟ್ಟು ಮೇಲಿನ ಸಾಲಿನಲ್ಲಿ ಕಂಡುಬಂದರೆ ಆಶ್ಚರ್ಯಪಡಬೇಡಿ. ತಂತ್ರಾಂಶದಲ್ಲಿ ಕಾಂಕ್ರೀಟಿನಡಿ ಮುಚ್ಚಿಹೋಗುವುದು ಇಂತಹ ಸಂಧಿಗಳೇ. 1999ರ ಸೆಪ್ಟೆಂಬರ್ 23ರಂದು ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳನ ಬಳಿ ಕಳೆದುಹೋದದ್ದು ಹೀಗೆಯೇ. ಭೂಮಿಯಲ್ಲಿದ್ದ ಒಂದು ತಂತ್ರಾಂಶ ಪೌಂಡ್ ಮಾನದಲ್ಲಿ ಕೊಟ್ಟ ಅಂಕಿಗಳನ್ನು ಇನ್ನೊಂದು ನ್ಯೂಟನ್ ಎಂದು ತೆಗೆದುಕೊಂಡಿತ್ತು. ಎರಡೂ ಕಡೆಯ ಕೋಡ್ ತನ್ನಷ್ಟಕ್ಕೆ ತಾನು ಲೆಕ್ಕ ಮಾಡಿಕೊಂಡು ಹೋಗಿತ್ತು.

ಪ್ರಶ್ನೆ: ಪ್ರಾಜೆಕ್ಟ್ ಮ್ಯಾನೇಜರುಗಳ ಪಿಎಂಪಿ ಪರೀಕ್ಷೆಗೆ ಓದಿದರೆ ಗುಣಮಟ್ಟ ನಿರ್ವಹಣೆ ಬರುತ್ತದೆಯೇ? (ಓದುಗರು, ಹುಬ್ಬಳ್ಳಿ)

ಉತ್ತರ: ಶಬ್ದಗಳು ಬರುತ್ತವೆ, ಅದೂ ಬೇಕಾದದ್ದೇ. 1969ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ಪಿಎಂಐ ಸಂಸ್ಥೆ ಈ ಪರೀಕ್ಷೆಯನ್ನು ನಡೆಸುತ್ತದೆ. ಅದರ ಕೈಪಿಡಿಯ 2017ರ ಆವೃತ್ತಿ ಗುಣಮಟ್ಟವನ್ನು ಯೋಜಿಸುವುದು, ನಿರ್ವಹಿಸುವುದು, ನಿಯಂತ್ರಿಸುವುದು ಎಂದು ಮೂರಾಗಿ ಬಿಡಿಸಿತ್ತು. 2021ರ ಆವೃತ್ತಿ ಪ್ರಕ್ರಿಯೆಗಳನ್ನು ಹಿಂದಕ್ಕೆ ಸರಿಸಿ ತತ್ತ್ವಗಳನ್ನು ಮುಂದೆ ಮಾಡಿತು. ಕಲಿಯುವವರಿಗೆ ಹಳೆಯ ಆವೃತ್ತಿಯೇ ಹೆಚ್ಚು ನೆರವಾಗುತ್ತದೆ ಎಂದು ನನಗನ್ನಿಸುತ್ತದೆ. ಅಲ್ಲಿ ಕಲಿಯುವ ಒಂದು ಭೇದವಂತೂ ಬಹಳ ಜಗಳಗಳನ್ನು ತಪ್ಪಿಸುತ್ತದೆ: ದರ್ಜೆ ಬೇರೆ, ಗುಣಮಟ್ಟ ಬೇರೆ. ರೆಡ್ ಆಕ್ಸೈಡ್ ನೆಲ ಇಟಾಲಿಯನ್ ಮಾರ್ಬಲ್ಲಿಗಿಂತ ಕೆಳದರ್ಜೆಯದು. ಆದರೆ ಒಂದೂ ಬಿರುಕಿಲ್ಲದೆ ಕನ್ನಡಿಯಂತೆ ತಿಕ್ಕಿದ ರೆಡ್ ಆಕ್ಸೈಡ್ ನೆಲದ ಗುಣಮಟ್ಟ, ಒಳಗೆ ಟೊಳ್ಳು ಬಿಟ್ಟು ಕೂರಿಸಿದ ಮಾರ್ಬಲ್ಲಿಗಿಂತ ಮೇಲು. ಕಡಿಮೆ ದರ್ಜೆಯನ್ನು ಹಣ ನೋಡಿ ಆರಿಸಿಕೊಳ್ಳಬಹುದು, ಕಡಿಮೆ ಗುಣಮಟ್ಟವನ್ನು ಯಾರೂ ಆರಿಸಿಕೊಳ್ಳುವುದಿಲ್ಲ. ಅರ್ಜಿ ಹಾಕಲು ಕೆಲವು ವರ್ಷಗಳ ಅನುಭವವೂ 35 ಗಂಟೆಗಳ ತರಬೇತಿಯೂ ಬೇಕಾಗುವುದರಿಂದ, ಆ ಗಂಟೆಗಳನ್ನು ಬರೀ ಪ್ರಶ್ನೆಪತ್ರಿಕೆ ಬಿಡಿಸುವುದರಲ್ಲಿ ಕಳೆಯದ ತರಬೇತುದಾರರನ್ನು ಹುಡುಕಿಕೊಳ್ಳಿ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ಒಂದು ಸಣ್ಣ ಮನೆ ಕಟ್ಟಿಸುತ್ತಿದ್ದೇನೆ. ಮೇಸ್ತ್ರಿಯವರು ಒಳ್ಳೆಯವರೇ. ಎಂಜಿನಿಯರ್ ವಾರಕ್ಕೊಮ್ಮೆ ಬರುತ್ತಾರೆ. ನನ್ನಂಥವರು ಮಾಡಬಹುದಾದದ್ದು ಏನಾದರೂ ಇದೆಯೇ? (ಓದುಗರು, ಸಾಗರ)

ಉತ್ತರ: ಇದೆ, ಅದೂ ನಿಮ್ಮಂಥವರು ಮಾತ್ರ ಮಾಡಬಹುದಾದದ್ದು, ಏಕೆಂದರೆ ದಿನವೂ ಅಲ್ಲಿರುವವರು ನೀವು. ಎಂಜಿನಿಯರ್ ಅವರು ಬರುವ ದಿನವನ್ನು ವಾರಕ್ಕೆ ಕಟ್ಟದೆ ಕೆಲಸಕ್ಕೆ ಕಟ್ಟುವಂತೆ ಕೇಳಿಕೊಳ್ಳಿ: ಪಾಯ ಮುಚ್ಚುವ ಮುನ್ನ, ಕಾಂಕ್ರೀಟಿನ ಮುನ್ನ, ಪೈಪಿನ ಮೇಲೆ ಗಾರೆ ಬೀಳುವ ಮುನ್ನ. ಗಾರೆಗೆ ಮೊದಲು ಪ್ರತಿಯೊಂದು ಗೋಡೆಯ ಪೈಪು ಮತ್ತು ವೈರಿಂಗ್ ಕೊಳವೆಗಳ ಫೋಟೋವನ್ನು ಅಳತೆಪಟ್ಟಿ ಹಿಡಿದು ತೆಗೆದಿಟ್ಟುಕೊಳ್ಳಿ. ಮುಂದೆ ಮೊಳೆ ಹೊಡೆಯುವಾಗ ಅದೇ ನಿಮ್ಮ ನಕ್ಷೆ. ಈಗ ಹೆಚ್ಚಾಗಿ ಸಿಗುವ ಪಿಪಿಸಿ (ಸಾಮಾನ್ಯವಾಗಿ ಹಾರುಬೂದಿ ಬೆರೆಸಿದ) ಸಿಮೆಂಟನ್ನು ಬಳಸಿದ್ದರೆ ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ ಕನಿಷ್ಠ ಹತ್ತು ದಿನ ನೀರು ನಿಲ್ಲಿಸಬೇಕು, ಏಳಕ್ಕೆ ಬಿಡಬೇಡಿ. ಸೆಂಟ್ರಿಂಗ್ ಆಸರೆಗಳ ವಿಷಯದಲ್ಲಿ, ಸಾಧಾರಣ ಸಿಮೆಂಟಿಗೆ ಆಧಾರದಿಂದ ಆಧಾರಕ್ಕೆ ನಾಲ್ಕೂವರೆ ಮೀಟರಿನವರೆಗಿನ ಸ್ಲ್ಯಾಬಿಗೆ ಏಳು ದಿನ, ಅದಕ್ಕಿಂತ ದೊಡ್ಡದಕ್ಕೆ ಹದಿನಾಲ್ಕು ದಿನ ಎಂಬುದು ಸಂಹಿತೆಯ ಕನಿಷ್ಠ ಲೆಕ್ಕ. ಪಿಪಿಸಿಗೆ ಇನ್ನೂ ಹೆಚ್ಚು ಬೇಕಾಗಬಹುದು, ಆ ದಿನವನ್ನು ಎಂಜಿನಿಯರ್ ಅವರಿಂದಲೇ ಬರೆಸಿಕೊಳ್ಳಿ. ಸಜ್ಜಾಗಳ ಆಸರೆಯನ್ನು ಬಿಚ್ಚುವ ದಿನ ಮೇಸ್ತ್ರಿಯವರ ಪಕ್ಕದಲ್ಲಿ ನಿಂತು, ಹೊರತುದಿಯಿಂದ ಆರಂಭಿಸಿ ಗೋಡೆಯ ಕಡೆಗೆ ಬಿಚ್ಚುತ್ತಾ ಬರುವಂತೆ ಹೇಳಿ, ಅಷ್ಟು ಹೊತ್ತು ಅದರ ಕೆಳಗೆ ಯಾರೂ ಸುಳಿಯದಂತೆ ನೋಡಿಕೊಳ್ಳಿ.